ಮೈಕಕ್ಕನ ಹೊಸ ಮೈಕು

ಸಭೆ ಸಮಾರಂಭಗಳ ನಿರೂಪಣೆ ಮಾಡಿಯೇ ಮನೆ ನಡೆಸಿದ ಆಕೆಯನ್ನು ಎಲ್ಲರೂ ಮೈಕಕ್ಕ ಎಂದೇ ಕರೆಯುತ್ತಿದ್ದರು. ಹೋದಲ್ಲೆಲ್ಲ ಬಾಡಿಗೆ ಮೈಕು ನಡುವೆಯೇ ಕೈಕೊಡುವುದಕ್ಕೆ ರೋಸಿಹೋಗಿ, ಸ್ವಂತಕ್ಕೊಂದು ವೈರ್‌ಲೆಸ್ ಮೈಕು ಕೊಳ್ಳಲು ಗಂಡನ ಜೊತೆ ಅಂಗಡಿಗೆ ಬಂದಿದ್ದಳು.

ಅಂಗಡಿಯವನು ಮೈಕನ್ನು ಗಂಡನ ಕೈಗಿಟ್ಟ. “ಮಾತಾಡಿ ನೋಡಿ ಸಾರ್.”

“ದೂರ ಹೋದ್ರೆ ಧ್ವನಿ ಕಟ್ ಆಗುತ್ತಾ?” ಎಂದು ಕೇಳಿದವಳು ಮೈಕಕ್ಕ; ಅವನು ಉತ್ತರ ಕೊಟ್ಟಿದ್ದು ಗಂಡನಿಗೆ. “ಎಲ್ಲೂ ಆಗಲ್ಲ ಸಾರ್. ಮೇಡಂ ಗಂಟಲಿಗೆ ಮೈಕೇ ಬೇಡ ಬಿಡಿ!”

ಗಂಡ ಹಲ್ಲುಕಿರಿದ.

ಅವಳ ಪಿತ್ತ ನೆತ್ತಿಗೇರಿತು. ಮೈಕು ಕಿತ್ತುಕೊಂಡು ದಡದಡನೆ ಹೊರನಡೆದು, ರಸ್ತೆ ದಾಟಿ ನಿಂತಳು. ಗಂಡಸರಿಬ್ಬರೂ ಬಾಗಿಲತ್ತ ಪಿಳಿಪಿಳಿ ಕಣ್ಣುಬಿಡುತ್ತಿದ್ದಾಗ, ಅವರ ಬೆನ್ನ ಹಿಂದಿನ ಸ್ಪೀಕರು ಗುಡುಗಿತು:

“ತಗೊಳ್ಳೋಳು ನಾನು, ಮಾತಾಡೋಳು ನಾನು. ಈಗ ಕೇಳಿಸ್ತಾ?”