ಪಕ್ಕದ ಮನೆಯ ಓಪಾ ಎಳೆದ ಮೂರು ಗೆರೆ

ಇಂಚರ, ಪ್ರಣವ,

ಹೋದ ವಾರ ನಿಮ್ಮ ಅಮ್ಮನಿಗೆ ನೆಗಡಿಯಾಗಿತ್ತು. ಬಿಸಿನೀರಿಗೆ ನಾಲ್ಕು ಹನಿ ನೀಲಗಿರಿ ಎಣ್ಣೆ ಹಾಕಿ, ತಲೆಯ ಮೇಲೆ ಟವೆಲ್ ಹೊದಿಸಿ ಆವಿ ಹಿಡಿಸಿದೆ. ಅವಳು ಟವೆಲಿನ ಒಳಗಿಂದಲೇ ಆಫೀಸಿನ ಕರೆಗೆ ಉತ್ತರ ಕೊಡುತ್ತಿದ್ದಳು. ನಾನು ಸೀಸೆಯ ಮುಚ್ಚಳ ಕೈಯಲ್ಲಿ ಹಿಡಿದು ಅಲ್ಲೇ ನಿಂತುಬಿಟ್ಟೆ. ಪಕ್ಕದ ಮನೆಯ ಓಪಾ ಬಾಗಿಲು ತೆರೆದರೆ ಮೊದಲು ಬರುತ್ತಿದ್ದುದು ಇದೇ ವಾಸನೆ. ಅವರು ದಿನಾ ಮಂಡಿಗೆ ನೀಲಗಿರಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು...

ನಿಮಗೆ ಹೇಳಬೇಕಾದ ಒಂದು ಮಾತನ್ನು ಮೂರು ವರ್ಷದಿಂದ ಹೇಳದೆ ಇಟ್ಟುಕೊಂಡಿದ್ದೇನೆ. ಬಾಯಿಂದ ಅದು ಬರುವುದಿಲ್ಲ. ಬರೆಯುವುದಾದರೆ ಅವರಿಂದಲೇ ಶುರು ಮಾಡಬೇಕು. ನಿಮಗೆ ಓದಲು ತೊಡಕಾಗದಿರಲೆಂದು ಅಕ್ಷರ ದುಂಡಗೆ ಬರೆಯುತ್ತಿದ್ದೇನೆ.

ಅವರು ಆಸ್ಟ್ರೇಲಿಯಾದವರು. ಡಚ್ ಹೆಂಗಸನ್ನು ಮದುವೆಯಾಗಿ ನಲವತ್ತು ವರ್ಷದ ಹಿಂದೆ ಇಲ್ಲಿಗೆ ಬಂದವರು. ನಾನು ನೆದರ್‌ಲ್ಯಾಂಡ್ಸಿಗೆ, ಈ ಆಮ್ಸ್ಟೆಲ್‌ವೀನ್‌ಗೆ ಬರುವ ಹೊತ್ತಿಗೆ ಆಕೆ ತೀರಿಕೊಂಡಿದ್ದರು. ನಿಮ್ಮ ತಾತ ಹೋಗಿಯೂ ಆಗ ವರ್ಷ ತುಂಬಿತ್ತಷ್ಟೆ. ನೀವು ಚಿಕ್ಕವರು, ಇಲ್ಲಿನ ಮಕ್ಕಳು ತಾತನನ್ನು ಕರೆಯುವ ಹಾಗೆ ಅವರನ್ನು ಓಪಾ ಎನ್ನುತ್ತಿದ್ದಿರಿ. ನಾನೂ ಹಾಗೇ ಕರೆದೆ. ಅವರಿಗೋ, ಅಜ್ಜಿ ಎನ್ನುವುದು ನನ್ನ ಹೆಸರೆಂದೇ ನಂಬಿಕೆ. ನನಗಿಂತ ಹತ್ತು ವರ್ಷ ದೊಡ್ಡವರು, ಕೊನೆಯವರೆಗೂ ನನ್ನನ್ನು ಅಜ್ಜಿ ಎಂದೇ ಕರೆದರು. ತಿದ್ದಲು ನನಗೆ ಸಂಕೋಚ.

ಪರಿಚಯವಾದದ್ದೂ ಈ ಎಣ್ಣೆಯಿಂದಲೇ. ಒಂದು ದಿನ ಲಿಫ್ಟಿನಲ್ಲಿ ನಾವಿಬ್ಬರೇ ಇದ್ದೆವು. ಏನು ತೋಚಿತೋ, ಅವರ ಮಂಡಿಯ ಕಡೆ ಕೈ ತೋರಿಸಿ "ನೀಲಗಿರಿ" ಎಂದೆ. ಮಹಡಿ ಬಂದ ಮೇಲೆ ಅವರು ಮನೆಯಿಂದ ಸೀಸೆ ತಂದು ಅದರ ಮೇಲಿನ ಎಲೆಯ ಚಿತ್ರ ತೋರಿಸಿದರು. ಮಾಲೂರಿನ ಪಕ್ಕದ ನನ್ನ ಹಳ್ಳಿಯಲ್ಲಿ ಈ ಮರದ ತೋಪೇ ಇದೆಯೆಂದು ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದೆ. ತಮ್ಮ ದೇಶದ ಮರ ನನ್ನ ಊರಿನಲ್ಲಿದೆ ಎಂದು ಅವರಿಗೆ ಎಷ್ಟು ಸಂತೋಷವಾಯಿತೆಂದರೆ, ಆ ಮರ ಬಾವಿ ಬತ್ತಿಸಿತೆಂದು ನಮ್ಮೂರಿನವರು ಬೈಯುವುದನ್ನು ನಾನು ಹೇಳಲಿಲ್ಲ. ನಾನು ಹೀಗೆಯೇ. ಅರ್ಧ ಹೇಳುತ್ತೇನೆ, ಅರ್ಧ ನುಂಗುತ್ತೇನೆ.

ಶನಿವಾರ ಅವರ ದೇಶದ ಫುಟ್‌ಬಾಲ್ ಆಟ. ಅಲ್ಲಿ ರಾತ್ರಿ ದೀಪದ ಬೆಳಕಿನಲ್ಲಿ ಆಡುವುದು ನಮಗಿಲ್ಲಿ ಊಟಕ್ಕೆ ಮುಂಚೆ ಟಿವಿಯಲ್ಲಿ ಬರುತ್ತಿತ್ತು. ನಾನು ಖಾರ ಕಡಿಮೆ ಹಾಕಿದ ಚಿತ್ರಾನ್ನ ಒಯ್ಯುತ್ತಿದ್ದೆ. ಅವರು ಪಟ್ಟೆಪಟ್ಟೆ ಉಣ್ಣೆಯ ಸ್ಕಾರ್ಫ್ ಸುತ್ತಿಕೊಂಡು ಸಿದ್ಧರಾಗಿರುತ್ತಿದ್ದರು. ಅದು ನೀವು ಆಡುವ ಫುಟ್‌ಬಾಲ್ ಅಲ್ಲ. ಮೈದಾನವೂ ಮೊಟ್ಟೆಯಾಕಾರ, ಚೆಂಡೂ ಸುಲಿದ ತೆಂಗಿನಕಾಯಿಯ ಆಕಾರ. ನೆಲಕ್ಕೆ ಬಿದ್ದರೆ ಎತ್ತ ಪುಟಿಯುತ್ತದೋ ಯಾರಿಗೂ ಗೊತ್ತಿಲ್ಲ. ತೋಳಿಲ್ಲದ ಅಂಗಿ ತೊಟ್ಟ ಹುಡುಗರು ಒಬ್ಬರ ಭುಜದ ಮೇಲೊಬ್ಬರು ಹಾರಿ ಅದನ್ನು ಹಿಡಿಯುತ್ತಾರೆ. ಒಂದೊಂದು ತುದಿಗೂ ನಾಲ್ಕು ಕಂಬ ನೆಟ್ಟಿರುತ್ತಾರೆ. ನಡುವಿನ ಎರಡರ ನಡುವೆ ಒದ್ದರೆ ಆರು ಅಂಕ, ಗುರಿ ತಪ್ಪಿ ಪಕ್ಕಕ್ಕೆ ಹೋದರೂ ಒಂದು ಅಂಕ. ತಪ್ಪಿದವನಿಗೂ ಒಂದು ಕೊಡುವ ಆಟ ಇದೊಂದೇ ಎಂದು ಅವರು ಹೆಮ್ಮೆಪಡುತ್ತಿದ್ದರು. ನನಗೂ ಆಟದಲ್ಲಿ ಹಿಡಿಸಿದ್ದು ಅದೇ.

ಅವರ ಅಭಿಪ್ರಾಯಗಳಿಗೆ ಲೆಕ್ಕವಿರಲಿಲ್ಲ. ಈಗಿನ ಹುಡುಗರು ಕೈಯಿಂದ ಚೆಂಡು ದಾಟಿಸುವುದು ಹೆಚ್ಚು, ಕಾಲಿಂದ ಒದೆಯುವುದು ಕಡಿಮೆ ಎಂಬ ಕೋಪ. ಅಂಪೈರುಗಳ ಮೇಲೆ ಕೋಪ. ಆದರೆ ಅವರು ಟಿವಿಯ ಸದ್ದನ್ನೇ ತೆಗೆದು ಮಾತಾಡುತ್ತಿದ್ದುದು ಆಟಗಾರರು ತೆಗೆದುಕೊಳ್ಳುವ ಮದ್ದಿನ ವಿಷಯಕ್ಕೆ ಮಾತ್ರ. ಅದರಲ್ಲಿ ಎರಡು ಬಗೆ ಎನ್ನುತ್ತಿದ್ದರು. ಬಲ ಹೆಚ್ಚಲೆಂದು ಚುಚ್ಚಿಸಿಕೊಳ್ಳುವವನು ಮೋಸಗಾರ, ಅವನನ್ನು ಹೊರಗೆ ಹಾಕಬೇಕು, ಅವನಿಗೆ ಚುಚ್ಚಿದವರನ್ನು ಅವನಿಗಿಂತ ಮೊದಲು ಹಾಕಬೇಕು. ಮೋಜಿಗೋ ಸಂಕಟಕ್ಕೋ ನಶೆ ಮಾಡುವ ಹುಡುಗನ ವಿಷಯ ಬೇರೆ. ಸೂಪರ್‌ಮಾರ್ಕೆಟ್ಟಿನ ಜಾಹೀರಾತು ಕಾಗದದ ಹಿಂದೆ ಮೂರು ಗೆರೆ ಎಳೆದು ನನಗೆ ಅದರ ನಿಯಮ ತಿಳಿಸಿದ್ದರು. ಮೊದಲ ಸಲ ಸಿಕ್ಕಿಬಿದ್ದರೆ ವೈದ್ಯರಿಗೆ ಮಾತ್ರ ಗೊತ್ತು, ಅವರು ಕೂರಿಸಿ ಮಾತಾಡುತ್ತಾರೆ. ಎರಡನೆಯ ಸಲ ತಂಡದ ಹಿರಿಯರಿಗೆ. ಮೂರನೆಯ ಸಲ ಊರಿಗೆಲ್ಲ. ನಿಯಮ ಆಮೇಲೆ ಏನೇನೋ ಬದಲಾಯಿತಂತೆ, ನನಗೆ ಸರಿಯಾಗಿ ತಿಳಿಯದು. ಅವರು ಮಾತ್ರ ಆ ಮೂರು ಗೆರೆಗೇ ಅಂಟಿಕೊಂಡಿದ್ದರು.

ಆಟದ ನಡುವೆ ಅವರ ಹಳೆಯ ಗೆಳೆಯರೊಬ್ಬರು ಅಲ್ಲಿಂದ ಫೋನ್ ಮಾಡುತ್ತಿದ್ದರು. ಇಬ್ಬರಿಗೂ ಕಿವಿ ಮಂದ, ಫೋನು ಮೇಜಿನ ಮೇಲೆ ಗಟ್ಟಿಯಾಗಿ ಮಾತಾಡುತ್ತಿತ್ತು. ಗಾಂಜಾ ಅಂಗಡಿಯಲ್ಲಿ ಮಾರುವ ದೇಶದಲ್ಲಿದ್ದು ಇದ್ದು ನೀನು ಮೆತ್ತಗಾಗಿದ್ದೀಯ ಎಂದು ಗೆಳೆಯರ ಹಂಗಿಸುವಿಕೆ. ಒಂದು ದಿನ ಆ ಗೆಳೆಯರು ಹೇಳಿದ್ದು ನನಗೆ ಪೂರ್ತಿ ಅರ್ಥವಾಯಿತು. ಅದನ್ನು ನನ್ನ ಕನ್ನಡದಲ್ಲಿ ಬರೆಯುತ್ತೇನೆ.

"ಒಬ್ಬನ ಹೆಸರು ಮುಚ್ಚಿಟ್ಟರೆ ಇಡೀ ತಂಡದ ಮೇಲೆ ಅನುಮಾನ ಕಣಯ್ಯಾ. ಏನೂ ಮಾಡದ ಹುಡುಗ ಅದನ್ನ ಯಾಕೆ ಹೊರಬೇಕು?"

"ತಂಡ ಅಂದಮೇಲೆ ಹೊರಬೇಕು," ಎಂದರು ಓಪಾ.

ನಾನು ಓಪಾ ಮಾತಿಗೆ ಒಳಗೊಳಗೇ ಹೌದೆಂದು ತಲೆಯಾಡಿಸಿದೆ. ಕಾರಣವಿತ್ತು. ನನಗೊಬ್ಬ ತಮ್ಮನಿದ್ದ. ಕುಡಿಯುತ್ತಿದ್ದ. ಒಂದು ಬೆಳಿಗ್ಗೆ ಹಾಲು ಹಾಕಲು ಡೇರಿಯ ಮುಂದೆ ಊರೆಲ್ಲ ಸಾಲುಗಟ್ಟಿದ್ದಾಗ ನಮ್ಮಪ್ಪ ಅವನನ್ನು ಎಳೆದುತಂದು ನಿಲ್ಲಿಸಿ, ಇವನು ಇಂಥವನು ಎಂದು ಕೂಗಿ ಹೇಳಿದರು. ಅವನು ತಲೆ ಎತ್ತಲಿಲ್ಲ. ಮರುದಿನ ಬಸ್ಸು ಹತ್ತಿದವನು ಮತ್ತೆ ಬರಲಿಲ್ಲ. ಎಲ್ಲಿದ್ದಾನೋ, ಇದ್ದಾನೋ... ಓಪಾಗೆ ಇದನ್ನು ಒಂದೊಂದೇ ಪದ ಹುಡುಕಿ ಹೇಳಿದ್ದೆ.

ಈಗ ನಿಮ್ಮ ವಿಷಯ. ಇಂಚರಳ ಶಾಲೆಯ ಕೊನೆಯ ಪರೀಕ್ಷೆ ಮುಗಿದ ಬೇಸಿಗೆ ಅದು. ನಿಮ್ಮಪ್ಪನ ಹಳೆಯ ಕಪ್ಪು ಮಳೆ ಜಾಕೆಟ್ಟು ಬಾಗಿಲ ಹಿಂದೆ ತೂಗುತ್ತಿತ್ತಲ್ಲ, ಯಾರು ಮೊದಲು ಹೊರಡುತ್ತೀರೋ ಅವರು ಹಾಕಿಕೊಂಡು ಹೋಗುತ್ತಿದ್ದಿರಿ. ನಾನು ಬಟ್ಟೆಗಳನ್ನು ಮೆಷಿನ್ನಿಗೆ ಹಾಕುವ ಮುಂಚೆ ಜೇಬು ತಡವುತ್ತೇನೆ. ಒಳಜೇಬಿನಲ್ಲಿ ಬೆರಳಷ್ಟು ಉದ್ದದ ಪ್ಲಾಸ್ಟಿಕ್ ಚೀಲ ಸಿಕ್ಕಿತು. ಅದರಲ್ಲಿ ಎರಡು ಗುಲಾಬಿ ಗುಳಿಗೆ. ಪೆಪ್ಪರಮೆಂಟಿನ ಹಾಗೆ, ಮೇಲೊಂದು ನಗುಮುಖದ ಅಚ್ಚು. ಔಷಧಿಯ ಮೇಲೆ ಯಾರೂ ನಗುಮುಖ ಒತ್ತುವುದಿಲ್ಲ, ಅಷ್ಟು ನನಗೂ ತಿಳಿಯಿತು. ಕಕ್ಕಸಿಗೆ ಹಾಕಿ ನೀರು ಬಿಟ್ಟೆ.

ನಿಮ್ಮ ಅಮ್ಮನಿಗೆ ಹೇಳಲಿಲ್ಲ. ಡೇರಿಯ ಮುಂದಿನ ಸಾಲು ಕಣ್ಣ ಮುಂದೆ ಬಂತು. ಪಕ್ಕದ ಮನೆಗೆ ಹೋದೆ.

ಓಪಾ ಗಾಬರಿಪಡಲಿಲ್ಲ. ಎಸೆಯಬಾರದಿತ್ತು, ಹೆಸರು ಕೇಳದೆ ಗುಳಿಗೆ ಪರೀಕ್ಷಿಸಿ ಹೇಳುವ ಜಾಗ ಈ ದೇಶದಲ್ಲಿದೆ, ಒಂದೊಂದರಲ್ಲಿ ಜೀವ ತೆಗೆಯುವಂಥದ್ದೂ ಇರುತ್ತದೆ ಎಂದರು. ಯಾರ ಜೇಬು ಎಂದು ಕೇಳಿದರು. ಇಬ್ಬರ ಜೇಬೂ ಅದೇ ಎಂದೆ. ಮನೆಯಲ್ಲಿ ಯಾರಿಗೂ ಹೇಳುವುದಿಲ್ಲ, ಮೊದಲ ಗೆರೆ ಅಲ್ಲವೇ ಎಂದೆ. ಆಗ ಅವರು ನನ್ನ ಕಡೆ ತಿರುಗಿ ಕೂತರು.

"ಅಜ್ಜಿ, ಮೊದಲ ಗೆರೆ ಅಂದರೆ ಸುಮ್ಮನಿರೋದು ಅಲ್ಲ. ಹೆಸರು ಮಾತ್ರ ಮುಚ್ಚಿಡಬೇಕು, ಮಾತನ್ನಲ್ಲ. ಮಾತೇ ಆಡದಿದ್ದರೆ ಅದು ಕಣ್ಣು ಮುಚ್ಚಿಕೊಂಡ ಹಾಗೆ."

ಜಾಕೆಟ್ಟನ್ನು ಕುರ್ಚಿಯ ಮೇಲೆ ಹಾಕಿ, ಇಬ್ಬರನ್ನೂ ಎದುರಿಗೆ ಕೂರಿಸಿ, ಯಾರದ್ದೆಂದು ಕೇಳಬೇಡಿ, ಏನು ಸಿಕ್ಕಿತೆಂದು ಹೇಳಿ, ನಿಮಗೆ ಎಷ್ಟು ಭಯವಾಯಿತೆಂದು ಹೇಳಿ, ಅಷ್ಟು ಸಾಕು ಎಂದರು.

ನಾನು ಪ್ರಯತ್ನಪಟ್ಟೆ. ನಿಮಗೆ ನೆನಪಿದೆಯೋ ಇಲ್ಲವೋ. ಭಾನುವಾರ ಮಧ್ಯಾಹ್ನ, ಕುರ್ಚಿಯ ಮೇಲೆ ಜಾಕೆಟ್ಟು. ಇಂಚರ ಬಾಗಿಲಲ್ಲೇ ನಿಂತು, "ಬೇಗ ಹೇಳಿ ಅಜ್ಜಿ, ಟ್ರಾಮ್ ಮಿಸ್ ಆಗತ್ತೆ," ಎಂದಳು. ಪ್ರಣವ ಫೋನಿನಿಂದ ತಲೆಯೆತ್ತಿ, "ವಾಟ್ಸ್ ಅಪ್, ಅಜ್ಜಿ?" ಎಂದ. ನಿಮ್ಮಿಬ್ಬರ ಮುಖ ನೋಡಿದೆ. ಜಾಕೆಟ್ಟನ್ನು ಕೈಗೆ ಎತ್ತಿಕೊಂಡೆ.

"ಗುಂಡಿ ಕಿತ್ತುಬಂದಿದೆ, ಹೊಲಿದುಕೊಡಲಾ ಅಂತ..."

"ಅದಕ್ಕೆ ಗುಂಡೀನೇ ಇಲ್ವಲ್ಲಜ್ಜಿ, ಜಿಪ್ ಇರೋದು," ಎಂದು ಇಬ್ಬರೂ ನಕ್ಕಿರಿ. ನಾನೂ ನಕ್ಕೆ. ಇಂಚರ ಜಾಕೆಟ್ಟು ಹಾಕಿಕೊಂಡು ಹೊರಟುಹೋದಳು.

ಶನಿವಾರ ಓಪಾ, ಮಕ್ಕಳ ಜೊತೆ ಮಾತಾಡಿದಿರಾ ಎಂದು ಕೇಳಿದರು. ಹೂಂ ಎಂದೆ. ಮಕ್ಕಳು ಏನಂದರು ಎಂದು ಕೇಳಿದರು. ಸಾರಿ ಅಂದರು ಎಂದೆ. ಎಷ್ಟು ಸಲೀಸಾಗಿ ಬಂತು ಆ ಸುಳ್ಳು... ಯಾರೆಂದು ಅವರು ಕೇಳಲಿಲ್ಲ. ನನ್ನ ಕೈ ಮೇಲೆ ತಮ್ಮ ಕೈ ಒಂದು ಗಳಿಗೆ ಇಟ್ಟು, ಟಿವಿಯ ಸದ್ದು ಏರಿಸಿದರು. ಆಮೇಲೆ ಆ ವಿಷಯ ಎತ್ತಲೇ ಇಲ್ಲ. ನಿಯಮ ಪಾಲಿಸುವ ಮನುಷ್ಯ.

ಅಲ್ಲಿಂದಾಚೆಗೆ ನಾನು ಮಾಡಿದ್ದು ನಿಮಗೆ ಗೊತ್ತೇ ಇದೆ, ಯಾಕೆ ಮಾಡಿದೆನೆಂದು ಮಾತ್ರ ಗೊತ್ತಿಲ್ಲ. ಜೇಬು ತಡವಿದೆ, ಬ್ಯಾಗು ತಡವಿದೆ. ಹೊರಗಿನಿಂದ ಬಂದವರ ಕಣ್ಣು ನೋಡಿದೆ. ಇಂಚರ ಒಂದು ದಿನ ಹೆಚ್ಚು ಮಲಗಿದರೆ ಅವಳೇ ಇರಬೇಕು, ಪ್ರಣವ ಒಂದು ಹೊತ್ತು ಊಟ ಬಿಟ್ಟರೆ ಇವನೇ ಇರಬೇಕು. ಒಂದು ಸಲ ನನ್ನ ಕೈ ಬ್ಯಾಗಿನೊಳಗಿದ್ದಾಗಲೇ ಪ್ರಣವ ಬಂದ. ಆ ದಿನದಿಂದ ಬ್ಯಾಗು ಕೋಣೆಗೆ ಹೋಯಿತು, ಕೋಣೆಯ ಬಾಗಿಲಿಗೆ ಚಿಲಕ ಬಿತ್ತು. ಇಂಚರ ವಾಗೆನಿಂಗನ್‌ಗೆ ಓದಲು ಹೊರಡುವ ಮುನ್ನ ಪೆಟ್ಟಿಗೆ ತುಂಬುತ್ತಾ, ತಲೆ ಎತ್ತದೆ ಕೇಳಿದಳು.

"ನೀವು ನನ್ನ ನೋಡೋ ರೀತಿ ಚೇಂಜ್ ಆಗಿದೆ ಅಜ್ಜಿ. ನಾನೇನ್ ಮಾಡಿದೆ?"

ಕಣ್ಣು ಮಂಜಾಗಿದೆ ಕಣಮ್ಮ, ವಯಸ್ಸಾಯ್ತಲ್ಲ ಎಂದೆ. ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಮತ್ತೆ ಬರಲಿಲ್ಲ, ಅದನ್ನೂ ಬಿಟ್ಟೆ. ಫೋನಿನಲ್ಲಿ ಗಟ್ಟಿಯಾಗಿ ಕೂಗುತ್ತಿದ್ದ ಆ ಗೆಳೆಯರ ಮಾತು ಸರಿಯಾಗಿತ್ತು. ನಾನೇ ಒಬ್ಬರ ಹೆಸರು ಕಾಯುತ್ತೇನೆಂದು ಇಬ್ಬರ ಮೇಲೂ ಅನುಮಾನ ಹೊರಿಸಿದೆ. ಓಪಾ ಹೇಳಿದ್ದೂ ಸರಿಯಾಗಿತ್ತು. ನಾನು ಅವರ ಮಾತಿನಲ್ಲಿ ನನಗೆ ಹಗುರವಾದ ಅರ್ಧವನ್ನು ಮಾತ್ರ ಮನೆಗೆ ತಂದೆ.

ಅವರಿಗೆ ಶ್ವಾಸಕೋಶ ಕೆಟ್ಟದ್ದು ಆ ಮುಂದಿನ ಚಳಿಗಾಲ. ಆಂಬ್ಯುಲೆನ್ಸಿನವರು ಕುರ್ಚಿಯಲ್ಲಿ ಕೂರಿಸಿ ಲಿಫ್ಟಿನ ಮುಂದೆ ತಂದಾಗ ನಾನು ಬಾಗಿಲಲ್ಲಿ ನಿಂತಿದ್ದೆ. ಮೂಗಿಗೆ ಆಮ್ಲಜನಕದ ನಳಿಕೆ. ಕೈ ಸನ್ನೆ ಮಾಡಿ ಕರೆದರು. ಮಕ್ಕಳು ಚೆನ್ನಾಗಿದ್ದಾರಾ ಎಂದರು. ಚೆನ್ನಾಗಿದ್ದಾರೆ ಎಂದೆ.

"ಕಷ್ಟದ ಕೆಲಸ ನೀವು ಮಾಡಿದಿರಿ ಅಜ್ಜಿ. ನನ್ನ ಕೈಲಿ ಆಗ್ತಿತ್ತೋ ಇಲ್ಲವೋ."

ಲಿಫ್ಟಿನ ಬಾಗಿಲು ಮುಚ್ಚಿತು. ಅದು ಮುಚ್ಚುವ ಮುಂಚೆ, ಇಲ್ಲ, ನಾನು ಮಾಡಲಿಲ್ಲ ಎಂದು ಹೇಳಲು ಎರಡು ಗಳಿಗೆ ಇತ್ತು. ಹೇಳಲಿಲ್ಲ. ಹನ್ನೊಂದು ದಿನಕ್ಕೆ ಅವರು ಹೋದರೆಂದು ಕೆಳಗಿನ ಮನೆಯವರು ತಿಳಿಸಿದರು. ಆಸ್ಟ್ರೇಲಿಯಾದಿಂದ ಅಣ್ಣನ ಮಗಳು ಬಂದು ಮನೆ ಖಾಲಿ ಮಾಡಿದಳು. ಅವಳೆದುರು ನಿಂತು ಏನಾದರೂ ಹೇಳಬೇಕೆಂದು ಹೋದವಳು, ಚಿತ್ರಾನ್ನದ ಡಬ್ಬಿ ಕೊಟ್ಟು ಬಂದೆ.

ಈಗ ಆ ಮನೆಯಲ್ಲಿ ಎಳೆ ಮಗುವಿನ ಸಂಸಾರವಿದೆ. ಪ್ರಣವನೂ ರಾಟರ್‌ಡ್ಯಾಮ್‌ಗೆ ಹೋದಮೇಲೆ ನಮ್ಮ ಮನೆಯಲ್ಲಿ ಜೇಬು ತಡವಲು ಬಟ್ಟೆಯೂ ಇಲ್ಲ. ಶನಿವಾರ ಹೋಗಿ ಕೂರಲು ನನಗೆ ಬೇರೆ ಮನೆಯಿಲ್ಲ. ಓಪಾಗೆ ಹೇಳಿದ ಸುಳ್ಳನ್ನು ಇನ್ನು ತಿದ್ದಲಾರೆ. ಅದು ಹಾಗೇ ಉಳಿಯಿತು...

ನಿಮಗೆ ಹೇಳಿದ ಸುಳ್ಳು ಹಾಗೆ ಉಳಿಯಬಾರದು. ಆ ಗುಳಿಗೆ ಯಾರದೆಂದು ನನಗೆ ಬೇಡ. ಯಾವ ಮಗುವಿನದಲ್ಲವೋ ಆ ಮಗುವನ್ನು ನಾನು ಮೂರು ವರ್ಷ ಅನುಮಾನದಿಂದ ನೋಡಿದೆ. ಯಾವ ಮಗುವಿನದೋ ಆ ಮಗುವನ್ನು ಮೂರು ವರ್ಷ ಒಂಟಿಯಾಗಿ ಬಿಟ್ಟೆ. ಇಬ್ಬರದೂ ಅಲ್ಲದೆ ಯಾವುದೋ ಗೆಳೆಯನದಾಗಿದ್ದರೆ ಎರಡು ಪಟ್ಟು ತಪ್ಪು ನನ್ನದು. ನನಗೆ ಬಹಳ ಭಯವಾಗಿತ್ತು. ಈಗಲೂ ಇದೆ. ಇಷ್ಟನ್ನೇ ಆ ಭಾನುವಾರ ಕುರ್ಚಿಯ ಎದುರು ಹೇಳಬೇಕಾಗಿತ್ತು.

ನಿಮ್ಮ ಅಮ್ಮನಿಗೆ ನಾನು ಹೇಳುವುದಿಲ್ಲ. ಹೇಳುವುದಾದರೆ ನೀವು ಹೇಳಬೇಕು. ಈ ಹಾಳೆಗಳಿಗೆ ಎರಡನೆಯ ಪ್ರತಿ ಮಾಡಿಲ್ಲ, ಬೇಕೆಂದೇ ಮಾಡಿಲ್ಲ. ಫೋನಿನಲ್ಲಿ ಫೋಟೋ ತೆಗೆದು ಕಳಿಸಬೇಡಿ, ಅಂಚೆಗೂ ಹಾಕಬೇಡಿ. ನಿಮ್ಮಲ್ಲಿ ಯಾರು ಮೊದಲು ಮನೆಗೆ ಬರುತ್ತೀರೋ ಅವರ ಕೈಗೆ ಕೊಡುತ್ತೇನೆ. ಮೊದಲು ಓದಿದವರು ರೈಲು ಹತ್ತಿ ಹೋಗಿ ಇನ್ನೊಬ್ಬರ ಕೈಗೆ ಕೊಟ್ಟು, ಓದಿ ಮುಗಿಸುವವರೆಗೆ ಪಕ್ಕದಲ್ಲಿ ಕೂತಿರಿ. ಅಲ್ಲಿಯವರೆಗೆ ಮಳೆಗೆ ನೆನೆಯದ ಹಾಗೆ ಜೋಪಾನವಾಗಿ ಇಟ್ಟುಕೊಳ್ಳಿ.