ಮೇಣ ಮೆತ್ತಿದ ಮುಚ್ಚಳ

ನನ್ನ ಮಾವನವರಷ್ಟು ಬುದ್ಧಿವಂತರು ನಾರಾಯಣಖೇಡದಲ್ಲಿ ಇನ್ನೊಬ್ಬರಿಲ್ಲ ಎಂದು ನಮ್ಮ ಮನೆಯವರೆಲ್ಲ ನಂಬಿದ್ದರು. ಹಾಗೆ ನಂಬಿಸಿದವರು ಅವರೇ. ನಿಜಾಮರ ಕಾಲದ ತಹಸೀಲ ಕಚೇರಿಯಲ್ಲಿ ಪೇಶ್ಕಾರರು. ವರ್ಗವಾಗಿ ಹೋದ ಸಾಹೇಬರೊಬ್ಬರ ಹಳೆಯ ಮೋಟಾರು ನಮ್ಮ ಅಂಗಳಕ್ಕೆ ಬಂದ ಮೇಲಂತೂ ಅವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೋಟಾರು ನಡೆಸುವುದು ನನ್ನ ಗಂಡ, ನಡೆಸುವುದು ಹೇಗೆಂದು ಹಿಂದೆ ಕೂತು ಹೇಳುವುದು ಮಾವ.

ಆಗ ದೊಡ್ಡ ಯುದ್ಧ ನಡೆದಿತ್ತು. ಪೆಟ್ರೋಲು ಸುಲಭವಾಗಿ ಸಿಗುತ್ತಿರಲಿಲ್ಲ. ಒಂದು ದಿನ ಮಾವ ಮೋಟಾರಿನ ಹಿಂಭಾಗಕ್ಕೆ ಮೂಗು ಹಚ್ಚಿ ನಿಂತರು. ಪೆಟ್ರೋಲು ತುಂಬುವ ಬಾಯಿಯ ಮುಚ್ಚಳದಲ್ಲಿ ಸೂಜಿ ಹೋಗುವಷ್ಟು ತೂತು ಕಂಡಿತು.

"ಎಣ್ಣಿ ಎಲ್ಲಾ ಇಲ್ಲಿಂದನೇ ಹಾರಿ ಹೋಗಾಕತ್ತದ" ಎಂದರು. "ಹಗೇವಿನ ಬಾಯಿ ತೆರದಿಟ್ಟು ಯಾರರ ಮಲಗ್ತಾರೇನು?"

ನಮ್ಮ ಕಡೆ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಗಾಳಿಯಾಡದಂತೆ ಸಂದಿಗೆಲ್ಲ ಮಣ್ಣು ಮೆತ್ತುತ್ತಾರೆ. ಜೋಳಕ್ಕೆ ಅದು ಸರಿ. ಮಾವನಿಗೆ ಜೋಳವೂ ಒಂದೇ, ಪೆಟ್ರೋಲೂ ಒಂದೇ. ಮೇಣ ಕಾಯಿಸಿ ತೂತಿಗೆ ತುಂಬಿದರು, ಮುಚ್ಚಳದ ಸುತ್ತಲೂ ಬಳಿದರು. ಉಳಿದ ಮೇಣವನ್ನು ಬಟ್ಟೆಯಲ್ಲಿ ಕಟ್ಟಿ ಮೋಟಾರಿನಲ್ಲೇ ಇಟ್ಟುಕೊಂಡರು.

ಅಂದಿನಿಂದ ಮೋಟಾರಿಗೆ ರೋಗ ಹಿಡಿಯಿತು. ಸ್ವಲ್ಪ ದೂರ ಹೋಗಿ ಕೆಮ್ಮಿ ನಿಲ್ಲುವುದು. ಮತ್ತೆ ಚಾಲೂ ಮಾಡಲು ಮುಂದಿನ ಹಿಡಿಕೆ ತಿರುಗಿಸಿ ತಿರುಗಿಸಿ ಗಂಡನ ರಟ್ಟೆ ಬೀಳುತ್ತಿತ್ತು. ಪ್ಲಗ್ ಬಿಚ್ಚಿ ಒರೆಸುವರು, ಪೆಟ್ರೋಲಿನ ನಳಿಗೆ ಊದುವರು, ಮಾವ ಗಾಲಿಯ ಕೆಳಗೆ ನಿಂಬೆಹಣ್ಣು ಇಡುವರು. ಕೊನೆಗೆ ಮೇಣ ಒಡೆದು ಮುಚ್ಚಳ ತೆಗೆದು, ಕಡ್ಡಿ ಇಳಿಸಿ ನೋಡುವರು. ಪೆಟ್ರೋಲು ಬೇಕಾದಷ್ಟಿದೆ. ಮತ್ತೆ ಮೇಣ ಮೆತ್ತಿ ಹಿಡಿಕೆ ತಿರುಗಿಸಿದರೆ ಮೋಟಾರು ಹೊರಡುವುದು. ನಿಂಬೆಹಣ್ಣಿಗೆ ಜಯ.

ಅದೇ ದಿನಗಳಲ್ಲಿ ತಾಂಡೂರಿನಿಂದ ನಮ್ಮಪ್ಪನ ಸುದ್ದಿ ಬಂತು: ಅವ್ವ ಹಾಸಿಗೆ ಹಿಡಿದಿದ್ದಾಳೆ, ನನ್ನನ್ನು ಕೇಳುತ್ತಿದ್ದಾಳೆ. ಮೋಟಾರಿನಲ್ಲಿ ಹೊರಟೆವು. ರಾಯಿಕೋಡ ಮುಟ್ಟುವುದರೊಳಗೆ ಎರಡು ಸಲ ನಿಂತಿತು. ಮಾವ ಅಪಶಕುನವೆಂದು ತಿರುಗಿಸಲು ಹೇಳಿದರು. ವಾಪಸು ಬರುವಾಗಲೂ ನಿಂತಿತು. ಆಗ ಮಾತ್ರ ಅದು ಅಪಶಕುನವಲ್ಲ, ಯಂತ್ರದ ದೋಷ. ಮನೆಯಲ್ಲಿ ಅತ್ತೆ ಮೋಟಾರಿನ ರೋಗಕ್ಕೆಲ್ಲ ನನ್ನ ಕಾಲ್ಗುಣವೇ ಕಾರಣವೆಂದು ತೀರ್ಮಾನಿಸಿದರು. ಬಂಡಿಯಲ್ಲಾದರೂ ಕಳಿಸಿರಿ ಎಂದು ಬೇಡಿಕೊಂಡೆ.

"ಪೇಶ್ಕಾರರ ಸೊಸಿ ಬಂಡ್ಯಾಗ ಹೋದ್ರ ಮಂದಿ ಏನಂದಾರು?" ಎಂದರು ಮಾವ. ಗಂಡ ಗೋಡೆ ನೋಡುತ್ತ ನಿಂತಿದ್ದ. ಗೋಡೆ ನೋಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

ಅವ್ವನಿಗೆ ಜಾಸ್ತಿಯಾಗಿದೆ ಎಂದು ಅಪ್ಪ ಮತ್ತೆ ಆಳು ಕಳಿಸಿದ ಮೇಲೆ, ಊರವರ ಬಾಯಿಗೆ ಹೆದರಿ ಎರಡನೆಯ ಸಲ ಹೊರಡಿಸಿದರು. ಮೋಟಾರು ಹೋದ ಸಲ ಮೊದಲು ನಿಂತಿದ್ದ ಜಾಗದಲ್ಲೇ ನಿಂತಿತು. ಬಿಸಿಲಿಗೆ ಒಳಗೆ ಕೂರಲಾಗದೆ ನಾನು ಪರದೆ ಸರಿಸಿ ಇಳಿದು, ಹಿಂದುಗಡೆ ನೆರಳಿಗೆ ನಿಂತಿದ್ದೆ. ಗಂಡ ಮೇಣ ಒಡೆದು ಮುಚ್ಚಳ ತಿರುವಿದಾಗ ಬುಸ್ ಎಂದು ಗಾಳಿ ಒಳಗೆ ಎಳೆದುಕೊಂಡ ಸದ್ದು ಕೇಳಿಸಿತು. ನನಗೆ ಎಲ್ಲಾ ತಿಳಿದುಹೋಯಿತು. ಸೀಮೆಎಣ್ಣೆ ಡಬ್ಬಿಗೆ ಒಂದೇ ತೂತು ಮಾಡಿದರೆ ಎಣ್ಣೆ ಸರಾಗವಾಗಿ ಬೀಳುವುದಿಲ್ಲ, ಗಾಳಿಗೆ ಇನ್ನೊಂದು ತೂತು ಬೇಕು. ಒಲೆ ಹೊತ್ತಿಸುವ ಯಾವ ಹೆಂಗಸಿಗೂ ಗೊತ್ತಿರುವ ಸಂಗತಿ ಇದು. ಇವರು ಮನೆಯಲ್ಲಿ ಒಂದು ದೀಪಕ್ಕೂ ಎಣ್ಣೆ ಹಾಕಿದವರಲ್ಲ.

"ಮಾವನವ್ರ, ಮುಚ್ಚಳಕ್ಕ ಮೇಣ ಬ್ಯಾಡ್ರಿ. ಒಳಗ ಗಾಳಿ ಹೋಗಲ್ದಕ್ಕ ಎಣ್ಣಿ ಮುಂದ ಹರೀವಲ್ದು" ಎಂದೆ.

"ಅಡಗಿ ಮನಿ ಅಕಲು ಮೋಟಾರಿಗಿ ತರಬ್ಯಾಡವಾ" ಎಂದು ನಕ್ಕು, ಮೇಣ ಕಾಯಿಸಲು ಪುಳ್ಳೆ ಆರಿಸತೊಡಗಿದರು.

ಮುಚ್ಚಳ ಮೋಟಾರಿನ ಮೆಟ್ಟಿಲ ಮೇಲಿತ್ತು. ಎತ್ತಿಕೊಂಡು, ಸೆರಗಿನಲ್ಲಿ ಸುತ್ತಿ ಮಡಿಲಲ್ಲಿ ಕಟ್ಟಿ, ಒಳಗೆ ಹೋಗಿ ಕೂತೆ.

"ಮುಚ್ಚಳಾ ನನ್ನ ಹಂತೇಲಿ ಅದ" ಎಂದೆ. "ಬಾಯಿಗಿ ಬಟ್ಟಿ ಕಟ್ಟಿ ನಡೀರಿ."

ಇನ್ನು ಏನು ಮಾಡಿಯಾರು? ಸೊಸೆಯ ಮಡಿಲಿಗೆ ಮಾವ ಕೈಹಾಕುವ ಹಾಗಿಲ್ಲ. ತಂದೆಯ ಎದುರು ಹೆಂಡತಿಯ ಜೊತೆ ಮಗ ಮಾತಾಡುವ ಹಾಗಿಲ್ಲ. ಅವರದೇ ಮರ್ಯಾದೆ ಅವರ ಕೈಕಾಲು ಕಟ್ಟಿಹಾಕಿತು. ಮಾವ ಕೆಂಪಾಗಿ, ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡರು. ಗಂಡ ತನ್ನ ಕರವಸ್ತ್ರವನ್ನು ಪೆಟ್ರೋಲಿನ ಬಾಯಿಗೆ ಕಟ್ಟಿ ಹಿಡಿಕೆ ತಿರುಗಿಸಿದ. ಹೊರಡುವ ಮುಂಚೆ ಮಾವ ಮರೆಯದೆ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟರು. ಜಹೀರಾಬಾದ ದಾಟಿತು, ಕೆಂಪು ನೆಲ ಮುಗಿದು ಕರಿ ಹೊಲಗಳು ಬಂದವು, ಮೋಟಾರು ಒಮ್ಮೆಯೂ ಕೆಮ್ಮಲಿಲ್ಲ.

ಅವ್ವ ಕಣ್ಣು ತೆರೆದೇ ಮಲಗಿದ್ದಳು. ಕೈ ಹಿಡಿದು ಕೂಗಿದೆ. ನನ್ನ ಕಡೆ ನೋಡಲಿಲ್ಲ.

"ಮೊನ್ನಿ ತನಕಾ ಮಾತಾಡ್ತಿದ್ಳು" ಎಂದ ಅಪ್ಪ. "ನೀ ಬರ್ತಿ ಅಂತ ಬಾಗಲಾ ಸೈತ ಮುಚ್ಚಗೊಟ್ಟಿದ್ದಿಲ್ಲ."

ಮೊದಲ ಸಲ ಹೊರಟಾಗಲೇ ಮುಟ್ಟಿದ್ದರೆ ಮಾತು ಸಿಗುತ್ತಿತ್ತು. ಏನು ಹೇಳಬೇಕೆಂದಿದ್ದಳೋ ನನಗೆ ಇಂದಿಗೂ ಗೊತ್ತಿಲ್ಲ. ಹೊರಗೆ ಕಟ್ಟೆಯ ಮೇಲೆ ಮಾವನ ದನಿ ಕೇಳುತ್ತಿತ್ತು. ದಾರಿಯಲ್ಲಿ ಮೋಟಾರು ನಿಂತದ್ದು, ತಾವು ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟದ್ದು, ಆಮೇಲೆ ಅದು ಎಲ್ಲೂ ನಿಲ್ಲದೆ ಬಂದದ್ದು. ಕೂತವರು ಹೌದ್ರಿ ಹೌದ್ರಿ ಎನ್ನುತ್ತಿದ್ದರು. ನನಗೆ ಅಳು ಬರಲಿಲ್ಲ, ಹೇಸಿಗೆ ಬಂತು.

ಆ ಸಂಜೆ ಅವ್ವ ಹೋದಳು. ದಿನಗಳು ಮುಗಿದು ವಾಪಸು ಹೊರಡುವಾಗ ಗಂಡ ಒಬ್ಬನೇ ನನ್ನ ಬಳಿ ಬಂದು, ತಗ್ಗಿದ ದನಿಯಲ್ಲಿ, "ನಮ್ಮಪ್ಪ ಮುಚ್ಚಳಾ ಕೇಳಾಕತ್ಯಾನ" ಎಂದ.

"ಬಾವ್ಯಾಗ ಒಗದೀನಿ. ಬೇಕಿದ್ರ ಇಳದು ತಗೊಳ್ಳಾಕ ಹೇಳ್ರಿ" ಎಂದೆ.

ಅವನು ಗೋಡೆ ನೋಡಿದ. ಮೋಟಾರು ಮನೆಯಲ್ಲಿರುವ ತನಕ ಅದರ ಬಾಯಿಗೆ ಬಟ್ಟೆಯೇ ಇತ್ತು, ಮತ್ತೆಂದೂ ದಾರಿಯಲ್ಲಿ ನಿಲ್ಲಲಿಲ್ಲ. ಮಾವ ಸಾಯುವವರೆಗೂ ಪ್ರತಿ ಸಲ ನಿಂಬೆಹಣ್ಣು ಇಟ್ಟರು.