ಬಯ್ಯಪ್ಪನವರ ಬಲಗಾಲು, ಕೈವಾರದ ತೀರ್ಥ

ಚಿಕ್ಕಬಳ್ಳಾಪುರದಿಂದ ಗೌರಿಬಿದನೂರಿಗೋ ಶಿಡ್ಲಘಟ್ಟ, ಚಿಂತಾಮಣಿಗಳಿಗೋ ನಮ್ಮ ಮೋಟಾರ್ ಸರ್ವಿಸಿನ ಬಸ್ಸು ಹತ್ತಿ, ಇಳಿಯಬೇಕಾದಲ್ಲಿ ಕ್ಷೇಮವಾಗಿ ಇಳಿದವರೆಲ್ಲರೂ ತಮಗೆ ತಿಳಿಯದಂತೆಯೇ ಶ್ರೀ ಬಯ್ಯಪ್ಪನವರ ಬಲಗಾಲಿಗೆ ಋಣಿಗಳು. 1946ರಲ್ಲಿ ನಗರಗೆರೆಯಿಂದ ಬಂದು ನಮ್ಮ ಷೆಡ್ಡು ಸೇರಿದ ಅವರು ಈ ವರ್ಷ, 1968ರಲ್ಲಿ, ಹಿರಿಯ ಮೇಸ್ತ್ರಿಯಾಗಿ ನಿವೃತ್ತರಾಗುತ್ತಿದ್ದಾರೆ. ಅಷ್ಟು ಕಾಲವೂ ಅದೇ ಷೆಡ್ಡಿನಲ್ಲಿ ಗುಮಾಸ್ತನಾಗಿದ್ದ ನನಗೆ ಈ ಬೀಳ್ಕೊಡುಗೆಯ ಪುಸ್ತಕದಲ್ಲಿ ಅವರನ್ನು ಕುರಿತು ಬರೆಯುವ ಭಾಗ್ಯ ದೊರೆತಿದೆ. ಭಾಗ್ಯ ಎನ್ನುವುದಕ್ಕಿಂತ ಬಾಕಿ ಎನ್ನುವುದೇ ಸರಿ.

ಬ್ರೇಕು ಪರೀಕ್ಷಿಸುವಾಗ ಬಯ್ಯಪ್ಪನವರು ಚಪ್ಪಲಿ ಕಳಚಿಟ್ಟು, ಕಣ್ಣು ಮುಚ್ಚಿ, ಬರಿಗಾಲಿನಿಂದ ಪೆಡಲ್ಲು ಒತ್ತುತ್ತಿದ್ದರು. ಪೆಡಲ್ಲು ಮೆತ್ತಗಿದ್ದರೆ ಕೊಳವೆಯಲ್ಲಿ ಗಾಳಿ. ಒತ್ತಿ ಹಿಡಿದಾಗ ಮೆಲ್ಲಗೆ ಇಳಿದರೆ ಎಲ್ಲೋ ಸೋರಿಕೆ. ಅವರ ಅಂಗಾಲು ಹೇಳಿದ್ದು ಸುಳ್ಳಾದದ್ದನ್ನು ನಾನು ಕಂಡಿಲ್ಲ, ಒಂದು ವಾರದ ಹೊರತು. ಆ ವಾರದ ವಿಷಯವನ್ನೇ ಇಲ್ಲಿ ನಿವೇದಿಸಬೇಕಾಗಿದೆ.

1961ರಲ್ಲಿ ನಮ್ಮ ಯಜಮಾನರ ತಮ್ಮನವರಾದ ಶ್ರೀ ಚನ್ನಕೇಶವ ಅವರು ಒಬ್ಬರೇ ಕೂರುವಂಥ ರೇಸ್ ಕಾರೊಂದನ್ನು ತಂದರು. ಮುಂದಿನ ಭಾನುವಾರ ಮದರಾಸಿನ ಬಳಿ ಸ್ಪರ್ಧೆಯಿತ್ತು. ಸೋಮವಾರ ಷೆಡ್ಡಿನಲ್ಲಿ ನಾನೇ ಕಾರಿಗೆ ಪೂಜೆ ಮಾಡಿದೆ. ಮಂಗಳವಾರ ಅವರು ಅದನ್ನು ನಂದಿ ಬೆಟ್ಟದಿಂದ ವೇಗವಾಗಿ ಇಳಿಸಿದರು. ಕೊನೆಯ ತಿರುವಿನಲ್ಲಿ ಪೆಡಲ್ಲು ನೆಲ ಮುಟ್ಟಿತು. ಕಾರು ಓಬಳಮ್ಮ ಎಂಬಾಕೆಯ ಹಿಪ್ಪುನೇರಳೆ ತೋಟಕ್ಕೆ ನುಗ್ಗಿ ನಿಂತಿತು.

“ಅಯ್ಯೋ ನಾಯನಾ, ನನ್ ಹುಳ ಉಪಾಸ ಕೆಡವಿ ಸೊಪ್ಪೆಲ್ಲ ನಿನ್ ಕಾರಿಗೆ ತಿನ್ನಿಸ್ತೀಯಾ?” ಎಂದು ಆಕೆ ಕುಡುಗೋಲು ಹಿಡಿದು ಬಂದಳಂತೆ.

ಸುದ್ದಿ ತಿಳಿದು ಬಯ್ಯಪ್ಪನವರು ಒಂದೆರಡು ಗಂಟೆಯ ಮೇಲೆ ಅಲ್ಲಿಗೆ ಹೋಗಿ ಬರಿಗಾಲಿಟ್ಟು ಒತ್ತಿದರೆ ಪೆಡಲ್ಲು ಕಲ್ಲಿನಂತೆ ಗಟ್ಟಿ! ಸೋರಿಕೆಯಿಲ್ಲ, ಗಾಳಿಯಿಲ್ಲ. ಆದರೂ ಹಳೆಯ ಬ್ರೇಕ್ ಆಯಿಲ್ ಚೆಲ್ಲಿ ಹೊಸದು ತುಂಬಿದರು. ಬುಧವಾರ ಮತ್ತೆ ಬೆಟ್ಟ, ಮತ್ತೆ ಓಬಳಮ್ಮ. ಗುರುವಾರ ರಬ್ಬರುಗಳನ್ನೂ ಬದಲಿಸಿದರು. ಈ ಸಲ ಪೆಡಲ್ಲು ಮೊದಲನೆಯ ತಿರುವಿನಲ್ಲೇ ಕೈಕೊಟ್ಟಿತು.

“ಶನಿವಾರದೊಳಗೆ ಈ ಕಾರು ನಿಲ್ಲಬೇಕು ಬಯ್ಯಪ್ಪ. ಇಲ್ದಿದ್ರೆ ಈ ಷೆಡ್ಡಲ್ಲಿ ನೀನಿರಲ್ಲ,” ಎಂದರು ಚನ್ನಕೇಶವ ಅವರು. ಬಯ್ಯಪ್ಪನವರು ಆ ದಿನ ಊಟ ಮಾಡಲಿಲ್ಲ.

ಶುಕ್ರವಾರ ಅವರು ಕಾರಿನಿಂದ ತೆಗೆದ ಆಯಿಲ್ಲನ್ನು ಬಟ್ಟೆಯಲ್ಲಿ ಸೋಸಿ, ಒಂದು ಸೌಟಿನಲ್ಲಿ ಅದನ್ನು, ಇನ್ನೊಂದರಲ್ಲಿ ಡಬ್ಬದ ಹೊಸ ಆಯಿಲ್ಲನ್ನು ಹಾಕಿ ಸ್ಟೌವಿನ ಮೇಲೆ ಹಿಡಿದರು. ಹೊಸದು ಸುಮ್ಮನಿತ್ತು. ಕಾರಿನದು ಆಗಲೇ ಗುಳುಗುಳು ಕುದಿಯತೊಡಗಿತು.

“ಇದರೊಳಗೆ ನೀರು ಸೇರ್ಕೊಂಡೈತೆ,” ಎಂದರು. “ಬ್ರೇಕ್ ಕಾದಾಗ ನೀರು ಹಬೆ ಆಗ್ತದೆ, ಒತ್ತಿದ್ದೆಲ್ಲ ಹಬೆಗೆ ಹೋಗ್ತದೆ. ತಣ್ಣಗಾದ್ರೆ ಮತ್ತೆ ಕಲ್ಲು.” ಆಮೇಲೆ ಸೋಸಿದ ಬಟ್ಟೆಯಿಂದ ಏನನ್ನೋ ಎತ್ತಿ ನನ್ನ ಮೇಜಿನ ಮೇಲಿಟ್ಟರು. ತುಳಸಿಯೆಲೆ.

“ಅಯ್ನೋರೆ, ಇದು ಯಾವ ಕಂಪನಿ ಸ್ಪೇರ್ ಪಾರ್ಟು?”

ಸೋಮವಾರದ ಪೂಜೆಯಲ್ಲಿ ಬ್ರೇಕ್ ಆಯಿಲ್ಲಿನ ಡಬ್ಬಿಯ ಮುಚ್ಚಳ ತೆಗೆದು, ಕಾರಿನ ಒಳಗೂ ದೇವರಿರಲಿ ಎಂದು ಕೈವಾರದ ತೀರ್ಥವನ್ನು ಒಂದುದ್ಧರಣೆ ಬಿಟ್ಟಿದ್ದೆ. ಚನ್ನಕೇಶವ ಅವರು ಮಂಗಳವಾರ ಬದುಕಿ ಬಂದದ್ದು ಅದರಿಂದಲೇ ಎಂದು ನಂಬಿ, ಬಯ್ಯಪ್ಪನವರು ಆಯಿಲ್ಲು ಬದಲಿಸಿದಾಗಲೆಲ್ಲ ಮತ್ತೆ ಬಿಡುತ್ತಿದ್ದೆ. ಗುರುವಾರ ಅಪಾಯ ಹೆಚ್ಚೆಂದು ಎರಡುದ್ಧರಣೆ, ತುಳಸಿ ಸಹಿತ.

“ಕಾಪಾಡಲಿ ಅಂತ...” ಎಂದೆ.

“ಕಾಪಾಡೋ ಸ್ವಾಮಿ ಕಾರಿನ ಮೇಲೆ ಕೂತ್ಕೊಂಡು ಕಾಪಾಡಲಿ ಅಯ್ನೋರೆ, ಡಬ್ಬಿಯೊಳಗೆ ಮುಳುಗ್ಸಿದ್ರೆ ಅವನಾದ್ರೂ ಏನ್ ಮಾಡ್ತಾನೆ?” ಎಂದು ಅವರು ಎಲೆಯನ್ನು ಕಣ್ಣಿಗೊತ್ತಿಕೊಂಡು ಜೇಬಿಗೆ ಹಾಕಿಕೊಂಡರು.

ಚನ್ನಕೇಶವ ಅವರು ಬಂದು ಕಾರಣ ಕೇಳಿದಾಗ, “ಮುಚ್ಚಳ ಬಿಗಿ ಮಾಡದೆ ಕಾರು ತೊಳೆಸ್ದೆ, ತಪ್ಪು ನಂದೇ,” ಎಂದುಬಿಟ್ಟರು. ಆಳುಗಳೆಲ್ಲರ ಮುಂದೆ ಆದ ಬೈಗುಳವನ್ನು ತಲೆ ತಗ್ಗಿಸಿ ಕೇಳಿದರು. ನಾನೂ ತಲೆ ತಗ್ಗಿಸಿಕೊಂಡೇ ಇದ್ದೆ, ಆದರೆ ಬಾಯಿ ತೆರೆಯಲಿಲ್ಲ. ಆಯಿಲ್ಲು ಮತ್ತೊಮ್ಮೆ ಬದಲಾದ ಮೇಲೆ, ಭಾನುವಾರ ಕಾರು ಎಲ್ಲರಿಗಿಂತ ಹಿಂದೆ ಬಂದರೂ ನಿಲ್ಲಬೇಕಾದಲ್ಲಿ ನಿಂತಿತು. ಬಯ್ಯಪ್ಪನವರೂ ಕೆಲಸದಲ್ಲಿ ನಿಂತರು.

ಈ ಸಂಗತಿ ತಿಳಿದಿದ್ದ ಮೂರನೆಯವಳು ನನ್ನ ಹೆಂಡತಿ ವಿಶಾಲಾಕ್ಷಿ. ತೀರ್ಥ ತಂದವಳು ಅವಳೇ. ನೆನೆಸಿಕೊಂಡಾಗಲೆಲ್ಲ ನಗುತ್ತಿದ್ದಳು, ನಕ್ಕು ಮುಗಿಸಿ, “ಆ ಪುಣ್ಯಾತ್ಮರ ಮೇಲಿರೋ ತಪ್ಪು ಇಳಿಸದೆ ಅವರನ್ನ ಕಳಿಸಿಕೊಡಬೇಡಿ ಅಂದ್ರೆ,” ಎನ್ನುತ್ತಿದ್ದಳು. ಕಳೆದ ಮಾಘದಲ್ಲಿ ಅವಳು ದೇವರ ಪಾದ ಸೇರಿದಳು. ಅವಳ ಮಾತು ಉಳಿಯಿತು. ಆದ್ದರಿಂದ ಶ್ರೀ ಚನ್ನಕೇಶವ ಅವರಲ್ಲಿ ಈ ಪುಸ್ತಕದ ಮೂಲಕ ಅರಿಕೆ: ಮುಚ್ಚಳ ಭದ್ರವಾಗಿಯೇ ಇತ್ತು. ತೆಗೆದವನು ನಾನು.

ಬಯ್ಯಪ್ಪನವರು ಇನ್ನು ಮಂಚೇನಹಳ್ಳಿಯಲ್ಲಿ ಸಣ್ಣದೊಂದು ಷೆಡ್ಡು ತೆರೆಯುವವರಿದ್ದಾರೆ. ಆ ಬಲಗಾಲು ನೂರು ವರ್ಷ ನೋವಿಲ್ಲದೆ ಪೆಡಲ್ಲು ಒತ್ತುತ್ತಿರಲಿ ಎಂದು ಕೈವಾರದ ಅಮರನಾರಾಯಣಸ್ವಾಮಿಯನ್ನು ಬೇಡುತ್ತೇನೆ. ಷೆಡ್ಡಿನ ಪೂಜೆಗೆ ನನ್ನನ್ನೇ ಕರೆದಿದ್ದಾರೆ. ತೀರ್ಥ ತರಲೇ ಎಂದು ಕೇಳಿದೆ.

“ತನ್ನಿ ಅಯ್ನೋರೆ, ತರದೆ ಇರಬೇಡಿ,” ಎಂದರು. “ಬೋನೆಟ್ ಮುಚ್ಚಿಬಿಟ್ಟು ಕೂಗ್ತೀನಿ. ಆಮೇಲೆ ಒಳಗೆ ಬನ್ನಿ.”